ಪಿಜ್ಜಾದ ಮೇಲಿರುವುದು ಹಾಲಿನದೋ ಎಣ್ಣೆಯದೋ ಎಂದು ಬರೆದು ಹಾಕಲಿ

ಸಂಪಾದಕರಿಗೆ,

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಸಣ್ಣ ಪೇಟೆಗಳಲ್ಲಿಯೂ ಈಗ ಪಿಜ್ಜಾ ಹೋಟೆಲುಗಳು ಕಾಣಿಸಿಕೊಂಡಿವೆ. ನಮ್ಮ ಕುಂಬಳೆ ಸೀಮೆಯವರು ಪಿಜ್ಜಾ ತಿನ್ನಬೇಕೆಂದರೆ ಮಂಗಳೂರಿಗೇ ಹೋಗಬೇಕಾಗಿದ್ದ ಕಾಲ ಮುಗಿದಿದೆ. ಇಂತಹ ಹೋಟೆಲುಗಳಲ್ಲಿ ಕುಳಿತು ಉಣ್ಣುವವರಿಗೆ ತಮ್ಮ ತಟ್ಟೆಯಲ್ಲಿರುವುದು ಏನೆಂದು ತಿಳಿಯುವ ವ್ಯವಸ್ಥೆ ಆಗಬೇಕು, ಅದರಲ್ಲಿಯೂ ಪಿಜ್ಜಾದ ಮೇಲೆ ಕರಗಿ ಹರಡಿಕೊಂಡಿರುವ ಬಿಳಿಯ ಪದಾರ್ಥವು ಹಾಲಿನಿಂದ ಆದ ಚೀಸೋ ಅಥವಾ ಎಣ್ಣೆಯಿಂದ ತಯಾರಿಸಿದ ಅದರ ಬದಲಿಯೋ ಎಂಬುದನ್ನು ಹೋಟೆಲಿನವರು ಮೆನುವಿನಲ್ಲಿಯೇ ಬರೆದು ತಿಳಿಸಬೇಕು ಎಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಹಟ್ಟಿಯಲ್ಲಿ ದನ ಸಾಕಿ ಬೆಳಿಗ್ಗೆಯೂ ಸಂಜೆಯೂ ಸೊಸೈಟಿಗೆ ಹಾಲು ಹಾಕುವವಳು. ಆದ್ದರಿಂದ ಈ ವಿಷಯವು ತಿನ್ನುವವಳಾಗಿಯೂ ಹಾಲು ಕರೆಯುವವಳಾಗಿಯೂ ನನಗೆ ಸಂಬಂಧಿಸಿದ್ದು.

ನಾನು ಪಿಜ್ಜಾದ ವಿರೋಧಿಯಲ್ಲ. ಇದು ನಮ್ಮ ಊರಿನ ತಿಂಡಿಯಲ್ಲ, ಮಕ್ಕಳು ಇದರ ಹಿಂದೆ ಬಿದ್ದು ನೀರುದೋಸೆ, ಪತ್ರೊಡೆಗಳನ್ನು ಮರೆಯುತ್ತಿದ್ದಾರೆ ಎಂಬ ಮಾತು ಸಮಾರಂಭಗಳ ಊಟದ ಪಂಕ್ತಿಯಲ್ಲಿ ಆಗಾಗ ಕೇಳಿಬರುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಸಾರಿಗೆ ಬೀಳುವ ಒಣಮೆಣಸು, ಪಲ್ಯದ ಬಟಾಟೆ, ಗುಡ್ಡದ ತುಂಬ ಬೆಳೆದು ನಿಂತಿರುವ ಗೇರುಮರ ಇವೆಲ್ಲವೂ ಅಮೆರಿಕ ಖಂಡದ ಮೂಲದವು, ಪೋರ್ಚುಗೀಸರ ಕಾಲದಿಂದೀಚೆಗೆ ಕಡಲು ದಾಟಿ ಬಂದು ನಮ್ಮವಾದವು. ಇಟಲಿಯವರ ಟೊಮೆಟೊ ಕೂಡ ಹಾಗೆ ಹೋದದ್ದೇ. ನಮ್ಮ ದೇಶದಲ್ಲಿ ದೊಡ್ಡ ಪಿಜ್ಜಾ ಕಂಪನಿಗಳು ಅಂಗಡಿ ತೆರೆದದ್ದು 1996ರಲ್ಲಿ. ಡಾಮಿನೋಸ್ ದೆಹಲಿಯಲ್ಲಿ, ಪಿಜ್ಜಾ ಹಟ್ ಬೆಂಗಳೂರಿನಲ್ಲಿ. ಆ ವರ್ಷ ಹುಟ್ಟಿದ ಮಕ್ಕಳು ಈಗ ತಾವೇ ತಂದೆತಾಯಿಗಳಾಗಿದ್ದಾರೆ. ಇನ್ನೂ ಅದನ್ನು ಹೊರಗಿನದೆಂದು ಕರೆದು ಪ್ರಯೋಜನವಿಲ್ಲ.

ಊರಿನ ಪಿಜ್ಜಾ ಹೋಟೆಲಿನಿಂದ ನಮಗೆ ಸಿಕ್ಕಿರುವ ಒಂದು ಅನುಕೂಲವನ್ನು ಇಲ್ಲಿ ಹೇಳಲೇಬೇಕು. ಪೇಟೆಯ ಹಳೆಯ ಚಹಾದ ಹೋಟೆಲುಗಳು ಬಹುಮಟ್ಟಿಗೆ ಗಂಡಸರ ಜಾಗಗಳಾಗಿದ್ದವು. ಪೇಟೆಗೆ ಬಂದ ಹೆಂಗಸರು ಕೆಲಸ ಮುಗಿಸಿ ಬಸ್ಸು ಹತ್ತುತ್ತಿದ್ದರು, ಬಾಯಾರಿದರೆ ಸೋಡಾ ಶರಬತ್ತಿನ ಅಂಗಡಿಯ ಮುಂದೆ ನಿಂತೇ ಕುಡಿಯುತ್ತಿದ್ದರು. ಈಗ ಸಂಜೆಯ ಹೊತ್ತಿಗೆ ಪಿಜ್ಜಾ ಹೋಟೆಲಿಗೆ ಹೋದರೆ ಒಂದು ಮೇಜಿನಲ್ಲಿ ಟ್ಯೂಶನ್ ಮುಗಿಸಿ ಬಂದ ಹುಡುಗಿಯರು, ಇನ್ನೊಂದರಲ್ಲಿ ಗಲ್ಫಿನಿಂದ ರಜೆಯಲ್ಲಿ ಬಂದ ಮಗನೊಡನೆ ಕುಳಿತ ತಾಯಿ, ಮತ್ತೊಂದರಲ್ಲಿ ಮೊಮ್ಮಗುವಿನ ಹುಟ್ಟುಹಬ್ಬಕ್ಕೆಂದು ಬಂದ ಅಜ್ಜ ಅಜ್ಜಿ ಇರುತ್ತಾರೆ. ತುಳು, ಮಲಯಾಳ, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಮಾತುಗಳು ಅಕ್ಕಪಕ್ಕದ ಮೇಜುಗಳಿಂದ ಕೇಳಿಸುತ್ತವೆ. ಹೆಂಗಸರು ತಮ್ಮ ಪಾಡಿಗೆ ಗಂಟೆ ಹೊತ್ತು ಕುಳಿತು, ಉಂಡು, ಮಾತನಾಡಿ ಎದ್ದು ಬರಬಹುದಾದ ಜಾಗ ನಮ್ಮಂತಹ ಪೇಟೆಯಲ್ಲಿ ಇದೊಂದೇ ಎಂದರೂ ಹೆಚ್ಚಾಗದು. ಇಂತಹ ಹೋಟೆಲುಗಳು ಉಳಿಯಬೇಕೆಂಬುದು ನನ್ನ ಮನಸ್ಸಿನಲ್ಲಿಯೂ ಇದೆ.

ಪಿಜ್ಜಾ ಮಾಡುವುದು ಸುಲಭದ ಕೆಲಸವಲ್ಲ ಎಂಬುದನ್ನೂ ನಾನು ಬಲ್ಲೆ. ಹಿಟ್ಟು ನಾದಿ, ಈಸ್ಟ್ ಹಾಕಿ, ಉಂಡೆ ಕಟ್ಟಿ ಹಿಂದಿನ ದಿನವೇ ತಣ್ಣಗಿನ ಜಾಗದಲ್ಲಿ ಇಡಬೇಕು. ನಮ್ಮ ಮಳೆಗಾಲದ ತೇವಕ್ಕೂ ಏಪ್ರಿಲಿನ ಸೆಕೆಗೂ ಹಿಟ್ಟು ಉಬ್ಬುವ ವೇಗ ಬೇರೆ ಬೇರೆಯಾದುದರಿಂದ ಅದನ್ನು ನೋಡುತ್ತಲೇ ಇರಬೇಕು. ಪಿಜ್ಜಾದ ತವರಾದ ನೇಪಲ್ಸಿನಲ್ಲಿ ಸೌದೆಯ ಒಲೆಯು 480 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾದಿರುತ್ತದೆ, ಪಿಜ್ಜಾ ಒಂದು ಒಂದೂವರೆ ನಿಮಿಷದಲ್ಲಿ ಬೆಂದು ಹೊರಗೆ ಬರುತ್ತದೆ. ಅಲ್ಲಿನ ಪಿಜ್ಜಾ ಕಸುಬುದಾರರ ಕಲೆಯನ್ನು ಯುನೆಸ್ಕೋ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಊರಿನ ಹೋಟೆಲುಗಳಲ್ಲಿರುವ ಗ್ಯಾಸಿನ ಅಥವಾ ಕರೆಂಟಿನ ಒಲೆಗೆ ಅಷ್ಟು ಕಾವು ಇಲ್ಲ. ಹಾಗಾಗಿ ಇಲ್ಲಿ ಏಳೆಂಟು ನಿಮಿಷ ಬೇಕು. ಅಷ್ಟು ಹೊತ್ತು ಒಲೆಯ ಮುಂದೆ ನಿಂತು ಬೇಯಿಸುವ ಹುಡುಗರ ಶ್ರಮದ ಬಗ್ಗೆ ನನಗೆ ಗೌರವವಿದೆ. ರೊಟ್ಟಿ ಚೆನ್ನಾಗಿಯೇ ಬರುತ್ತದೆ, ಟೊಮೆಟೊ ಗೊಜ್ಜಿನ ಬಗ್ಗೆಯೂ ನನಗೆ ದೂರಿಲ್ಲ. ನನ್ನ ದೂರು ಇರುವುದು ಅವೆರಡರ ಮೇಲಿನ ಪದರದ ಬಗ್ಗೆ.

ಪಿಜ್ಜಾಕ್ಕೆ ಬಳಸುವ ಮೊಝರೆಲ್ಲಾ ಚೀಸನ್ನು ಹಾಲಿನಿಂದ ಮಾಡುತ್ತಾರೆ. ಹಾಲನ್ನು ಹದವಾಗಿ ಬಿಸಿ ಮಾಡಿ, ಹೆಪ್ಪಿನಂತಹ ಜೀವಾಣುಗಳನ್ನೂ ಹಾಲನ್ನು ಒಡೆಸುವ ರೆನೆಟ್ ಎಂಬ ಕಿಣ್ವವನ್ನೂ ಸೇರಿಸಿ ಗಟ್ಟಿಯಾಗಿಸಿ, ಕತ್ತರಿಸಿ, ತಿಳಿನೀರನ್ನು ಬಸಿದು, ಉಳಿದ ಗಟ್ಟಿಯನ್ನು ಬಿಸಿನೀರಿನಲ್ಲಿ ನಾದಿ ಎಳೆಯುತ್ತಾರೆ. ಬಿಸಿ ಪಿಜ್ಜಾದ ತುಂಡನ್ನು ಎತ್ತಿದಾಗ ನೂಲಿನಂತೆ ಎಳೆಯೆಳೆಯಾಗಿ ಬರುವುದು ಆ ಎಳೆತದ ಗುಣ. ಒಂದು ಕಿಲೋ ಚೀಸಿಗೆ ಸುಮಾರು ಹತ್ತು ಲೀಟರು ಹಸುವಿನ ಹಾಲು ಬೇಕಾಗುತ್ತದೆ. ಎಮ್ಮೆಯ ಹಾಲಾದರೆ ಇದಕ್ಕಿಂತ ಕಡಿಮೆ ಸಾಕು. ನಾಲ್ವರು ಹಂಚಿ ತಿನ್ನುವ ಪಿಜ್ಜಾದ ಮೇಲೆ ನೂರು ಗ್ರಾಮಿನಷ್ಟು ಚೀಸ್ ಹಾಕಿದರೆ ಅದು ಒಂದು ಲೀಟರು ಹಾಲಿಗೆ ಸಮ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಕಾಸರಗೋಡು ಗಿಡ್ಡ ತಳಿಯ ಹಸು ಒಂದು ದಿನಕ್ಕೆ ಕೊಡುವ ಹಾಲೆಲ್ಲ ಹೆಚ್ಚೆಂದರೆ ಎರಡೋ ಮೂರೋ ಪಿಜ್ಜಾಕ್ಕೆ ಮುಗಿದುಹೋಗುತ್ತದೆ. ಹಿಂಡಿಯ ಬೆಲೆ, ಹುಲ್ಲಿನ ಬೆಲೆ, ಹಟ್ಟಿಯ ಕೆಲಸ ಇವೆಲ್ಲವನ್ನೂ ಬಲ್ಲವರಿಗೆ ಚೀಸ್ ಏಕೆ ದುಬಾರಿ ಎಂದು ವಿವರಿಸಬೇಕಾಗಿಲ್ಲ.

ಅದು ದುಬಾರಿಯಾದುದರಿಂದಲೇ ಅದರ ಬದಲಿ ಹುಟ್ಟಿಕೊಂಡಿದೆ. ತಾಳೆ ಎಣ್ಣೆ ಅಥವಾ ಬೇರೆ ಸಸ್ಯಜನ್ಯ ಕೊಬ್ಬು, ಪಿಷ್ಟ, ಸ್ವಲ್ಪ ಹಾಲಿನ ಪ್ರೋಟೀನು ಅಥವಾ ಅದೂ ಇಲ್ಲದೆ, ಎಣ್ಣೆ ಮತ್ತು ನೀರನ್ನು ಒಂದಾಗಿ ಹಿಡಿದಿಡುವ ಲವಣಗಳು, ಚೀಸಿನ ಪರಿಮಳ ಇವನ್ನೆಲ್ಲ ಬೆರೆಸಿ ಕಾಯಿಸಿ ಅಚ್ಚಿಗೆ ಹೊಯ್ದು ತುರಿದು ಪೊಟ್ಟಣ ಮಾಡುತ್ತಾರೆ. ಇದನ್ನು ಅನಲಾಗ್ ಎಂದು ಕರೆಯುತ್ತಾರೆ. ಇದರ ಬೆಲೆ ಹಾಲಿನ ಚೀಸಿಗಿಂತ ಬಹಳ ಕಡಿಮೆ. ತೆಂಗಿನ ಸಂಶೋಧನೆಗೆ 1916ರಷ್ಟು ಹಿಂದೆಯೇ ಕೇಂದ್ರ ಆರಂಭವಾದ ಕಾಸರಗೋಡಿನಲ್ಲಿ ಕುಳಿತು ನಾವು ಚೀಸ್ ಎಂದುಕೊಂಡು ಹೊರದೇಶದ ತಾಳೆ ಎಣ್ಣೆ ತಿನ್ನುವಂತಾಗಿದೆ ಎಂಬುದು ನನ್ನ ಮನಸ್ಸನ್ನು ಚುಚ್ಚುತ್ತದೆ.

ನ್ಯಾಯವಾಗಿ ಹೇಳಬೇಕಾದುದನ್ನು ಹೇಳುತ್ತೇನೆ. ಅನಲಾಗ್ ಎಂಬುದು ವಿಷವಲ್ಲ, ನಿಷೇಧಿತ ವಸ್ತುವೂ ಅಲ್ಲ. ಅದನ್ನು ಅದರ ಹೆಸರಿನಲ್ಲಿ ಮಾರಬಹುದು, ಕೊಳ್ಳಬಹುದು, ತಿನ್ನಬಹುದು. ಕಡಿಮೆ ಬೆಲೆಗೆ ಪಿಜ್ಜಾ ಬೇಕೆನ್ನುವ ವಿದ್ಯಾರ್ಥಿಗೆ ಅದು ಅನುಕೂಲವೇ ಆಗಬಹುದು. ಆದರೆ ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಗಳು ಒಂದು ವಿಷಯದಲ್ಲಿ ಸ್ಪಷ್ಟವಾಗಿವೆ: ಹಾಲಿನ ಕೊಬ್ಬಿನ ಜಾಗದಲ್ಲಿ ಬೇರೆ ಕೊಬ್ಬು ಸೇರಿಸಿದ ಪದಾರ್ಥವನ್ನು ಹಾಲಿನ ಉತ್ಪನ್ನವೆಂದು ಕರೆದು ಮಾರುವಂತಿಲ್ಲ. ಆದ್ದರಿಂದ ಕಾರ್ಖಾನೆಯಿಂದ ಹೊರಡುವ ಪೊಟ್ಟಣದ ಮೇಲೆ ಅದು ಏನೆಂಬುದನ್ನು, ಅದರಲ್ಲಿರುವ ಪದಾರ್ಥಗಳನ್ನು ಅಚ್ಚು ಹಾಕಲೇಬೇಕು. ಆ ಪೊಟ್ಟಣ ಹೋಟೆಲಿನ ಫ್ರೀಜರನ್ನು ಸೇರಿದ ಮೇಲೆ ಏನಾಗುತ್ತದೆ ಎಂಬಲ್ಲಿ ತೊಡಕು ಇದೆ. ಪೊಟ್ಟಣ ಹರಿದು ಬುಟ್ಟಿಗೆ ಬೀಳುತ್ತದೆ, ತುರಿ ಪಿಜ್ಜಾದ ಮೇಲೆ ಬೀಳುತ್ತದೆ, ಮೆನುವಿನಲ್ಲಿ ಚೀಸ್ ಪಿಜ್ಜಾ, ಡಬಲ್ ಚೀಸ್, ಎಕ್ಸ್‌ಟ್ರಾ ಚೀಸ್ ಎಂದೇ ಇರುತ್ತದೆ. ಕಾನೂನು ಬರೆಸಿದ ಮಾಹಿತಿಯು ದುಡ್ಡು ಕೊಟ್ಟು ತಿನ್ನುವವರನ್ನು ಬಿಟ್ಟು ಉಳಿದೆಲ್ಲರ ಕಣ್ಣಿಗೂ ಬೀಳುತ್ತದೆ.

ಇದು ಊಹೆಯಿಂದ ಆಡುವ ಮಾತಲ್ಲ. ಮನೆಯವರೊಡನೆ ಹೋಗಿದ್ದ ಒಂದು ಸಂಜೆ, ಪಿಜ್ಜಾ ತಣ್ಣಗಾಗುತ್ತಿದ್ದಂತೆ ಮೇಲಿನ ಪದರ ಎಳೆ ಬಿಡುವ ಬದಲು ಮೇಣದಂತೆ ತುಂಡಾಗುವುದನ್ನು ಕಂಡು, ಬಡಿಸಲು ಬಂದ ಹುಡುಗನಲ್ಲಿ ಯಾವ ಚೀಸ್ ಎಂದು ವಿಚಾರಿಸಿದೆ. ಅವನಿಗೆ ಗೊತ್ತಿರಲಿಲ್ಲ. ಗಲ್ಲೆಯಲ್ಲಿದ್ದ ಮಾಲೀಕರು ಎದ್ದು ಬಂದು, "ಅಕ್ಕಾ, ಒಳ್ಳೆಯ ಚೀಸೇ, ಮಂಗಳೂರಿನಿಂದ ತರಿಸುವುದು" ಎಂದರು. ಪೊಟ್ಟಣ ನೋಡಬಹುದೇ ಎಂದು ಕೇಳಿದೆ. ಅವರು ಬೇಸರಿಸಲಿಲ್ಲ, ಒಳಗೆ ಹೋಗಿ ಫ್ರೀಜರಿನಿಂದ ಒಂದು ಪೊಟ್ಟಣವನ್ನೇ ತಂದು ಮೇಜಿನ ಮೇಲೆ ಇಟ್ಟರು. ಮುಂಭಾಗದಲ್ಲಿ ಪಿಜ್ಜಾದ ದೊಡ್ಡ ಚಿತ್ರವಿತ್ತು. ಹಿಂಭಾಗದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಸಸ್ಯಜನ್ಯ ಕೊಬ್ಬು ಎಂಬುದು ಪದಾರ್ಥಗಳ ಪಟ್ಟಿಯ ಮೊದಲ ಸಾಲಿನಲ್ಲಿಯೇ ಇತ್ತು, ಅನಲಾಗ್ ಎಂಬ ಮಾತೂ ಇತ್ತು. ಜೊತೆಯಲ್ಲಿದ್ದ ನನ್ನ ತಂಗಿಯ ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಮಾಲೀಕರು ಪೊಟ್ಟಣವನ್ನು ತಿರುಗಿಸಿ ನೋಡಿ, "ಇದನ್ನು ನಾನು ಓದಿದವನೇ ಅಲ್ಲ ಅಕ್ಕಾ. ಸಪ್ಲೈ ಮಾಡುವವರು ಪಿಜ್ಜಾ ಚೀಸ್ ಎಂದೇ ಬಿಲ್ಲು ಕೊಡುವುದು" ಎಂದರು. ಅವರು ಹೇಳಿದ್ದು ನಿಜವೆಂದೇ ನಾನು ನಂಬುತ್ತೇನೆ. ಬಾಡಿಗೆ, ಗ್ಯಾಸು, ಕೆಲಸದವರ ಸಂಬಳ, ಮನೆಗೆ ತಲುಪಿಸುವ ಆ್ಯಪ್‌ಗಳ ಕಮಿಷನ್ನು ಎಲ್ಲವನ್ನೂ ನಿಭಾಯಿಸುವ ಒಬ್ಬ ಸಣ್ಣ ಹೋಟೆಲಿನವರು ಪ್ರತಿ ಪೊಟ್ಟಣದ ಹಿಂಬದಿಯನ್ನು ಓದುತ್ತ ಕೂರಲಾರರು. ಹಾಗೆಂದು ತಿನ್ನುವವರಿಗೆ ಸತ್ಯ ತಿಳಿಯದೆ ಹೋಗಬೇಕೇ?

ಕೆಲವರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು ಎನ್ನುತ್ತಾರೆ. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು ಹಾಕಿದರೆ ಪಿಷ್ಟವಿದ್ದಲ್ಲಿ ಕಡುನೀಲಿ ಬಣ್ಣ ಬರುವುದು ನಿಜ. ಆದರೆ ಪಿಜ್ಜಾದ ಅಡಿಯಲ್ಲಿರುವುದೇ ಮೈದಾದ ರೊಟ್ಟಿ. ಅದು ತಾಗಿದಲ್ಲೆಲ್ಲ ಬಣ್ಣ ಬಂದೇ ಬರುತ್ತದೆ. ಅಲ್ಲದೆ ಹಾಲಿನ ಚೀಸನ್ನು ತುರಿದು ಮಾರುವಾಗಲೂ ತುರಿ ಒಂದಕ್ಕೊಂದು ಅಂಟದಿರಲೆಂದು ತುಸು ಪಿಷ್ಟ ಸೇರಿಸುವ ರೂಢಿಯಿದೆ. ಹೀಗಾಗಿ ನಿರಪರಾಧಿ ಹೋಟೆಲಿನವರ ಮೇಲೆ ಆರೋಪ ಹೊರಿಸುವುದಕ್ಕೆ ಆ ಪರೀಕ್ಷೆ ದಾರಿ ಮಾಡುತ್ತದೆಯೇ ಹೊರತು ನಿಜವನ್ನು ತಿಳಿಸುವುದಿಲ್ಲ. ಎಳೆ ಬರುವುದನ್ನೋ ಎಣ್ಣೆ ಬಿಡುವುದನ್ನೋ ನೋಡಿ ಹೇಳುವುದೂ ಖಚಿತವಲ್ಲ, ಏಕೆಂದರೆ ಹಾಲಿನ ಚೀಸು, ಅನಲಾಗ್ ಎರಡನ್ನೂ ಬೆರೆಸಿ ಬಳಸುವವರಿದ್ದಾರೆ. ತಣ್ಣಗಾದ ಪದರ ನನಗೆ ಸಂಶಯ ಹುಟ್ಟಿಸಿತು, ಅಷ್ಟೇ; ಸಂಶಯವನ್ನು ತೀರಿಸಿದ್ದು ಪೊಟ್ಟಣ. ತಿನ್ನುವವರಿಗೆ ಪೊಟ್ಟಣದ ಮಾತೇ ತಲುಪಬೇಕು ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಹಾಲು ಹಾಕುವವರ ಮಟ್ಟಿಗೆ ಈ ಕಾನೂನು ಎಷ್ಟು ಕಟ್ಟುನಿಟ್ಟಾಗಿದೆ ಎಂಬುದನ್ನು ಓದುಗರು ಗಮನಿಸಬೇಕು. ನಾವು ಸೊಸೈಟಿಗೆ ಕ್ಯಾನು ತೆಗೆದುಕೊಂಡು ಹೋದರೆ ಮೊದಲು ಮಾದರಿ ತೆಗೆಯುತ್ತಾರೆ. ಕೊಬ್ಬು ಎಷ್ಟು, ಕೊಬ್ಬಿಲ್ಲದ ಘನಾಂಶ ಎಷ್ಟು ಎಂದು ಯಂತ್ರ ತೋರಿಸುತ್ತದೆ, ಅದರ ಮೇಲೆಯೇ ನಮ್ಮ ದರ ನಿರ್ಧಾರವಾಗುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬು ಶೇಕಡಾ 3.2ಕ್ಕೂ ಉಳಿದ ಘನಾಂಶ ಶೇಕಡಾ 8.3ಕ್ಕೂ ಕಡಿಮೆಯಾಗುವಂತಿಲ್ಲ ಎಂಬುದು ನಿಯಮ. ಮಳೆಗಾಲದಲ್ಲಿ ಹಸಿಹುಲ್ಲು ತಿಂದು ಹಾಲು ತೆಳುವಾದರೆ ಆ ದಶಾಂಶದ ವ್ಯತ್ಯಾಸಕ್ಕೂ ನಮಗೆ ದುಡ್ಡು ಕಡಿಮೆಯಾಗುತ್ತದೆ. ಇದು ಸರಿಯಾದ ಕ್ರಮವೇ, ಇದರ ಬಗ್ಗೆ ನನಗೆ ಆಕ್ಷೇಪವಿಲ್ಲ. ಒಂದು ಕ್ಯಾನು ಹಾಲಿನಲ್ಲಿ ದಶಾಂಶದ ಲೆಕ್ಕ ಹಿಡಿಯುವ ನಾಡಿನಲ್ಲಿ, ಹನಿ ಹಾಲಿನ ಕೊಬ್ಬೂ ಇಲ್ಲದ ಪದಾರ್ಥವನ್ನು ಚೀಸ್ ಎಂದು ಮೆನುವಿನಲ್ಲಿ ಬರೆದು ಬಡಿಸುವಾಗ ಕೇಳುವವರೇ ಇಲ್ಲವಲ್ಲ ಎಂಬುದು ನನ್ನ ಸಂಕಟ. ನಮ್ಮ ಸೊಸೈಟಿಯ ಹಾಲು ನೇರವಾಗಿ ಪಿಜ್ಜಾದ ಚೀಸಾಗುವುದಿಲ್ಲ, ಚೀಸ್ ಹೆಚ್ಚಾಗಿ ಗುಜರಾತ್, ಮಹಾರಾಷ್ಟ್ರಗಳ ಕಾರ್ಖಾನೆಗಳಿಂದ ಬರುತ್ತದೆ ಎಂಬುದು ನನಗೆ ತಿಳಿದಿದೆ. ಆದರೂ ಅಲ್ಲಿಯೂ ಹಾಲು ಕರೆಯುವವರು ನನ್ನಂತಹವರೇ. ಹಾಲಿನ ಹೆಸರಿನಲ್ಲಿ ಎಣ್ಣೆ ಮಾರಾಟವಾದಷ್ಟೂ ಅವರ ಹಾಲಿಗೆ ಬೇಡಿಕೆ ಕಡಿಮೆಯಾಗುತ್ತದೆ.

ದೊಡ್ಡ ಕಂಪನಿಗಳ ವಿಷಯದಲ್ಲಿ ಸರಕಾರ ಸ್ವಲ್ಪ ಮುಂದೆ ಹೋಗಿದೆ. 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಗಳ ಪ್ರಕಾರ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆಗಳಲ್ಲಿ ಮಳಿಗೆಗಳಿರುವ ಹೋಟೆಲು ಸಂಸ್ಥೆಗಳು ತಮ್ಮ ಮೆನುವಿನಲ್ಲಿ ತಿಂಡಿಯ ಕ್ಯಾಲೊರಿಯನ್ನು ತೋರಿಸಬೇಕು, ಅಲರ್ಜಿ ಉಂಟುಮಾಡಬಹುದಾದ ಪದಾರ್ಥಗಳ ಮಾಹಿತಿಯನ್ನೂ ಕೊಡಬೇಕು. ಒಂದೇ ಪೇಟೆಯಲ್ಲಿ ಒಂದೇ ಅಂಗಡಿ ಇರುವ ನಮ್ಮ ಊರಿನ ಹೋಟೆಲುಗಳಿಗೆ ಈ ಭಾರವನ್ನು ಹೊರಿಸಿಲ್ಲ. ಕ್ಯಾಲೊರಿಯ ಲೆಕ್ಕ ತೆಗೆಸುವುದು ಖರ್ಚಿನ ಕೆಲಸವಾದುದರಿಂದ ಈ ವಿನಾಯಿತಿ ಸರಿಯೇ. ಆದರೆ ಪೊಟ್ಟಣದ ಮೇಲಿರುವ ಒಂದು ಸಾಲನ್ನು ಮೆನುವಿಗೆ ಇಳಿಸಲು ಯಾವ ಪ್ರಯೋಗಾಲಯವೂ ಬೇಡ. ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಕೊಳ್ಳುವ ವಸ್ತುವಿನ ಗುಣಮಟ್ಟ, ಪ್ರಮಾಣ, ಶುದ್ಧತೆ, ಬೆಲೆಗಳನ್ನು ತಿಳಿಯುವ ಹಕ್ಕನ್ನು ಗ್ರಾಹಕರಿಗೆ ಕೊಡುವಾಗ ಅಂಗಡಿ ದೊಡ್ಡದೋ ಸಣ್ಣದೋ ಎಂದು ಭೇದ ಮಾಡಿಲ್ಲ.

ತಿಳಿಯದೆ ತಿನ್ನುವುದರಿಂದ ಬರುವ ಅಪಾಯವನ್ನು ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಅಸ್ವಸ್ಥರಾಗಿ, ಹದಿನಾರು ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡದ್ದು ಎಲ್ಲರಿಗೂ ನೆನಪಿರಬಹುದು. ಶಿಗೆಲ್ಲಾ ಬ್ಯಾಕ್ಟೀರಿಯಾ ಅಲ್ಲಿ ಪತ್ತೆಯಾಗಿತ್ತು. ಅದರ ಬಳಿಕ, 2023ರ ಆರಂಭದಲ್ಲಿ, ಕೇರಳದಲ್ಲಿ ಹಸಿ ಮೊಟ್ಟೆಯ ಮಯೋನೈಸನ್ನು ನಿಷೇಧಿಸಲಾಯಿತು, ಪಾರ್ಸೆಲ್ ಊಟದ ಮೇಲೆ ತಯಾರಿಸಿದ ಸಮಯವನ್ನು ನಮೂದಿಸುವುದು ಕಡ್ಡಾಯವಾಯಿತು, ಹೋಟೆಲು ಕೆಲಸದವರಿಗೆ ಹೆಲ್ತ್ ಕಾರ್ಡ್ ಬೇಕೆಂದಾಯಿತು. ಪಿಜ್ಜಾ ಹೋಟೆಲುಗಳಲ್ಲಿಯೂ ಮಯೋನೈಸ್ ಬಳಕೆ ಧಾರಾಳವಾಗಿರುವುದರಿಂದ ಈ ನಿಯಮಗಳು ಅಲ್ಲಿಗೂ ಅನ್ವಯಿಸುತ್ತವೆ. ಚೀಸಿನ ಬದಲಿಯಿಂದ ಅಂತಹ ಜೀವಹಾನಿ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪಾದೀತು. ಆದರೆ ಆ ಘಟನೆಯ ನಂತರ ನಮ್ಮ ಜನ ಹೋಟೆಲಿನಲ್ಲಿ ಪ್ರಶ್ನೆ ಕೇಳಲು ಕಲಿತರು. ಮಯೋನೈಸ್ ಯಾವುದರಿಂದ ಮಾಡಿದ್ದು, ಯಾವಾಗ ಮಾಡಿದ್ದು ಎಂದು ಹುಡುಗರು ಕೂಡ ಕೇಳುತ್ತಾರೆ, ಹೋಟೆಲಿನವರೂ ಉತ್ತರಿಸುತ್ತಾರೆ. ಅದೇ ಪ್ರಶ್ನೆಯನ್ನು ಚೀಸಿನ ವಿಷಯದಲ್ಲಿ ಕೇಳಲು ಸಂಕೋಚ ಬೇಕಾಗಿಲ್ಲ.

ಸಸ್ಯಾಹಾರಿಗಳ ಕಡೆಯಿಂದಲೂ ಒಂದೆರಡು ಮಾತು ಇಲ್ಲಿ ಸೇರಬೇಕು. ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆಂಬ ಭಯ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ವಿದೇಶಗಳಲ್ಲಿ ಹಾಗೆ ಮಾಡಿದ ಚೀಸುಗಳಿವೆ. ನಮ್ಮ ದೇಶದ ಗುಣಮಟ್ಟದ ನಿಯಮ ಪ್ರಾಣಿಜನ್ಯವಲ್ಲದ ರೆನೆಟ್ಟನ್ನೇ ಹೇಳುತ್ತದೆ, ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ಬೊಟ್ಟು ನೋಡಿಕೊಂಡರೆ ಸಾಕು. ಆ ಬೊಟ್ಟು ಕೂಡ ಅಡುಗೆಮನೆಯಲ್ಲಿಯೇ ಉಳಿದುಬಿಡುತ್ತದೆ ಎಂಬುದು ಬೇರೆ ಮಾತು. ಕೋಳಿಯ ಪಿಜ್ಜಾ ಕತ್ತರಿಸಿದ ಚಕ್ರದಲ್ಲಿಯೇ ಪನೀರಿನ ಪಿಜ್ಜಾವನ್ನೂ ಕತ್ತರಿಸುವುದನ್ನು ನಾನು ಕಂಡಿದ್ದೇನೆ. ಎರಡು ಚಕ್ರ ಇಡುವುದು ದೊಡ್ಡ ಖರ್ಚಲ್ಲ. ಹಾಲಿನ ಅಲರ್ಜಿಯುಳ್ಳ ಮಗುವಿನ ತಾಯಿಗೆ ಈ ಮಾಹಿತಿ ಇನ್ನೂ ಮುಖ್ಯ, ಏಕೆಂದರೆ ಎಣ್ಣೆಯ ಚೀಸು ಎಂದು ನಂಬಿ ಕೊಟ್ಟದ್ದರಲ್ಲಿಯೂ ಹಾಲಿನ ಪ್ರೋಟೀನು ಇರಬಹುದು.

ಹೀಗಿರುವಾಗ ನಾನು ಕೇಳುತ್ತಿರುವುದು ಬಹಳ ಸಣ್ಣದು. ಪ್ರತಿ ಪಿಜ್ಜಾ ಹೋಟೆಲಿನ ಮೆನುವಿನಲ್ಲಿ ಮತ್ತು ಗೋಡೆಯ ಫಲಕದಲ್ಲಿ, "ಈ ಪಿಜ್ಜಾಕ್ಕೆ ಹಾಲಿನ ಚೀಸ್ ಬಳಸಲಾಗಿದೆ" ಎಂದೋ, "ಈ ಪಿಜ್ಜಾಕ್ಕೆ ಸಸ್ಯಜನ್ಯ ಕೊಬ್ಬಿನಿಂದ ಮಾಡಿದ ಚೀಸಿನ ಬದಲಿ ಬಳಸಲಾಗಿದೆ" ಎಂದೋ, ಬೆರೆಸಿದ್ದರೆ ಬೆರೆಸಿದೆ ಎಂದೋ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಒಂದು ಸಾಲು ಇರಲಿ. ಕನ್ನಡ ಶಾಲೆಗಳಲ್ಲಿ ಓದಿದ, ಕನ್ನಡವನ್ನಲ್ಲದೆ ಬೇರೆ ಲಿಪಿ ಓದಲು ಬಾರದ ಹಿರಿಯರು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಮನೆಮನೆಗಳಲ್ಲಿ ಇದ್ದಾರೆ. ಮೊಮ್ಮಕ್ಕಳ ಜೊತೆ ಬಂದು ಬಿಲ್ಲು ಕೊಡುವವರೂ ಅನೇಕ ಸಲ ಅವರೇ. ಹಾಲಿನ ಚೀಸಿನ ಪಿಜ್ಜಾಕ್ಕೆ ಹೆಚ್ಚು ಬೆಲೆ ಇಟ್ಟರೆ ಅದರಲ್ಲಿ ತಪ್ಪಿಲ್ಲ. ಎರಡು ಬೆಲೆಗಳನ್ನು ಎದುರುಬದುರಾಗಿ ಬರೆದರೆ ತಿನ್ನುವವರು ತಮ್ಮ ಕಿಸೆಗೆ ಹೊಂದಿದ್ದನ್ನು ಆರಿಸಿಕೊಳ್ಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಚೀಸಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಪಿಜ್ಜಾದ ರೊಟ್ಟಿಯ ಮೇಲಿನ ತೆರಿಗೆಯನ್ನು ಪೂರ್ತಿಯಾಗಿ ತೆಗೆಯಲಾಗಿದೆ. ಹಾಲಿನ ಚೀಸ್ ಬಳಸಲು ಮನಸ್ಸಿರುವ ಮಾಲೀಕರಿಗೆ ಇದು ಸ್ವಲ್ಪವಾದರೂ ಸಹಾಯವಾದೀತು.

ಪಂಚಾಯತುಗಳು ಹೋಟೆಲುಗಳ ಪರವಾನಗಿಯನ್ನು ನವೀಕರಿಸುವಾಗ ಈ ಸಾಲಿನ ಬಗ್ಗೆ ವಿಚಾರಿಸಬಹುದು. ಹೋಟೆಲು ಮಾಲೀಕರ ಸಂಘದವರು ತಮ್ಮ ಸಭೆಯಲ್ಲಿ ಈ ವಿಷಯ ತೆಗೆದುಕೊಂಡು ಎಲ್ಲರೂ ಒಟ್ಟಿಗೆ ಬರೆಸುವಂತೆ ಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ಒಬ್ಬರೇ ಬರೆಸಿದರೆ ಎಣ್ಣೆ ಬಳಸುವುದು ಅವರೊಬ್ಬರೇ ಎಂದು ಜನ ತಿಳಿದು ಪ್ರಾಮಾಣಿಕರಿಗೇ ನಷ್ಟವಾದೀತು. ನನಗೆ ಈ ಒಂದು ಚಿಂತೆ ಬಹಳವಾಗಿ ಇದೆ. ಸತ್ಯ ಬರೆದ ಹೋಟೆಲನ್ನು ಬಿಟ್ಟು ಏನೂ ಬರೆಯದ ಹೋಟೆಲಿಗೆ ಓದುಗರು ಹೋಗಬಾರದು. ಬರೆಯದಿದ್ದಲ್ಲಿ ಕೇಳಬೇಕು, ಉತ್ತರ ಸಿಗದಿದ್ದರೆ ಪೊಟ್ಟಣ ತೋರಿಸಲು ಹೇಳಬೇಕು. ಬಿಲ್ಲಿನಲ್ಲಿ ಹದಿನಾಲ್ಕು ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇರುತ್ತದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅವು ಕೊನೆಯ ದಾರಿ. ಮಾತಿನಲ್ಲಿ ಮುಗಿಯುವುದನ್ನು ದೂರಿನವರೆಗೆ ಒಯ್ಯಬೇಕಾಗಿಲ್ಲ.

ನಾನು ಹೇಳಿದ ಆ ಹೋಟೆಲಿನ ಮಾಲೀಕರು ಹೊಸ ಮೆನು ಅಚ್ಚು ಹಾಕಿಸುವಾಗ ಈ ಸಾಲನ್ನು ಸೇರಿಸುವುದಾಗಿಯೂ, ಹಾಲಿನ ಚೀಸಿನ ಪಿಜ್ಜಾವನ್ನು ಬೇರೆ ಬೆಲೆಗೆ ಕೊಟ್ಟು ನೋಡುವುದಾಗಿಯೂ ಒಪ್ಪಿದ್ದಾರೆ. ಉಳಿದವರೂ ಅವರಂತೆ ಮುಂದೆ ಬರಬೇಕೆಂದೂ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ಮುಂದಿನ ತಪಾಸಣೆಗಳಲ್ಲಿ ಅಡುಗೆಮನೆಯ ಶುಚಿತ್ವವನ್ನಷ್ಟೇ ನೋಡದೆ ಫ್ರೀಜರಿನಲ್ಲಿರುವ ಪೊಟ್ಟಣವನ್ನೂ ಮೇಜಿನ ಮೇಲಿರುವ ಮೆನುವನ್ನೂ ಜೊತೆಗಿಟ್ಟು ಓದಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕುಂಬಳೆ ಸೀಮೆಯ ಓರ್ವ ಹೈನುಗಾರ ಮಹಿಳೆ
ಕಾಸರಗೋಡು ಜಿಲ್ಲೆ